ಎಪ್ರಿಲ್ ಕೊನೆಗೆ ಸ್ಪೇನ್: 12 ದಿನ, ಒಂದು ಕಾರು, ಹಕ್ಕಿನೂ ನೋಡಬೇಕು ಕೋಟಿನೂ ನೋಡಬೇಕು. ಹಾದಿ ಹೆಂಗ ಹಾಕೋದು?

ಎರಿಹೊಲ, ಕಲಬುರಗಿ:

ನಮಸ್ಕಾರ್ರಿ ಎಲ್ಲಾರಿಗೂ. ಎಪ್ರಿಲ್ ಕೊನೇ ವಾರ ಹೊರಟು ಮೇ ಮೊದಲನೇ ವಾರ ತಿರುಗಿ ಬರೋ ಹಂಗ 12 ದಿನ ಸ್ಪೇನ್‌ಗೆ ಹೋಗೋದು ಗಟ್ಟಿ ಆಗ್ಯದ. ಹೈದರಾಬಾದಿನಿಂದ ವಿಮಾನ, ಮ್ಯಾಡ್ರಿಡ್‌ನಾಗ ಇಳಿದು ಅಲ್ಲೇ ಕಾರು ಬಾಡಿಗಿ. ಮಂದಿ ನಾಲ್ಕು: ನಾವಿಬ್ಬರು, ಅಪ್ಪ, ಅವ್ವ. ಅಪ್ಪಗ ಮೊಣಕಾಲು ನೋವು, ಗುಡ್ಡ ಏರೋದು ಆಗಂಗಿಲ್ಲ.

ಈಗಿನ ಪಟ್ಟಿ: ಮ್ಯಾಡ್ರಿಡ್, ಮೊನ್‌ಫ್ರಾಗ್ವೆ, ಲಿಸ್ಬನ್, ದೊನ್ಯಾನಾ (ದಕ್ಷಿಣದಾಗಿನ ಜವಳು ನೆಲದ ರಾಷ್ಟ್ರೀಯ ಉದ್ಯಾನ), ಜಿಬ್ರಾಲ್ಟರ್, ಗ್ರಾನಡಾ, ಬಾರ್ಸಿಲೋನಾ. ಕೈಯಾಗ 8x42 ಬೈನಾಕ್ಯುಲರ್ ಅದ, 20ರಿಂದ 60 ಪಟ್ಟು ದೊಡ್ಡದು ಮಾಡಿ ತೋರಿಸೋ ಸ್ಪಾಟಿಂಗ್ ಸ್ಕೋಪ್ ಅದ.

ಕೇಳಬೇಕಾದ್ದು ಇಷ್ಟು. ಪಟ್ಟಿ ಹಿಂಗೇ ಇರಲೋ, ಏನರ ಬಿಡಲೋ? ಗ್ರೇಟ್ ಬಸ್ಟರ್ಡ್ (ಬಯಲಿನ ದೊಡ್ಡ ಹಕ್ಕಿ) ನೋಡಲೇಬೇಕು, ಎಲ್ಲಿ, ಎಷ್ಟೊತ್ತಿಗೆ? ಬಲಗಡಿ ಗಾಡಿ ಓಡಿಸೋದು, ಲೈಸೆನ್ಸು, ವಿಮೆ ಇವುಗಳೊಳಗ ಎಲ್ಲಿ ಎಡವತಾರ? ಅವ್ವ ಮೊಟ್ಟಿನೂ ತಿನ್ನಂಗಿಲ್ಲ. ನಮ್ಮ ಕೋಟಿಯೊಳಗಿನ ಜಾಮಿ ಮಸೀದಿ ಕಾರ್ಡೋಬಾದ ಮಸೀದಿಯಂಗ ಅದ ಅಂತ ಅಪ್ಪ ಕೇಳ್ಯಾರ, ಅದನ್ನ ತೋರಿಸಬೇಕು.

ಬೋನಾಳ ಕೆರಿ, ಯಾದಗಿರಿ:

ಸರ, ಮೊದಲು ಪಟ್ಟಿ ಕತ್ತರಿಸ್ರಿ. ಲಿಸ್ಬನ್, ಜಿಬ್ರಾಲ್ಟರ್, ಗ್ರಾನಡಾ, ಬಾರ್ಸಿಲೋನಾ ನಾಲ್ಕೂ ತೆಗೀರಿ. ಬಾರ್ಸಿಲೋನಾ ಒಂದಕ್ಕ ಮ್ಯಾಡ್ರಿಡ್‌ನಿಂದ 600 ಕಿ.ಮೀ. ಮ್ಯಾಲ ಆಗ್ತದ. ಜಿಬ್ರಾಲ್ಟರ್ ಜಲಸಂಧಿಯ ದೊಡ್ಡ ವಲಸಿ ಆಗಸ್ಟ್-ಸೆಪ್ಟೆಂಬರಿಂದು, ಆಗ ಬೇರೆ ಹೋಗಬೇಕು.

ಬ್ಯಾಸಗಿ ಸಮಯ ಅಲ್ಲಿ ಗಡಿಯಾರ ಮುಂದಿಟ್ಟಿರ್ತಾರ. ಎಪ್ರಿಲ್ ಕೊನೆಗೆ ಎಸ್ಟ್ರೆಮದುರಾ ಪ್ರಾಂತದಾಗ ಸೂರ್ಯ ಹುಟ್ಟೋದು ಮುಂಜಾನಿ ಏಳೂವರಿ ಹತ್ತಿರ, ಮುಳುಗೋದು ರಾತ್ರಿ ಒಂಬತ್ತು ದಾಟಿ. ಬಯಲಿನ ಹಕ್ಕಿ ಸಿಗೋದು ಹುಟ್ಟಿದಾಗಿಂದ ಮೂರು ತಾಸು, ಮತ್ತ ಸಂಜಿ ಏಳರ ಮ್ಯಾಲ. ಆ ಹೊತ್ತಿನಾಗ ಹೈವೇ ಮ್ಯಾಲ ಇದ್ದವರಿಗೆ ಬಸ್ಟರ್ಡ್ ಇಲ್ಲ. ನಡುವಿನ ಉರಿ ಬಿಸಿಲೊತ್ತು ಕಲ್ಲಿನ ಊರುಗಳಿಗೆ ಕೊಡ್ರಿ, ಅಪ್ಪ ಅವ್ವಗೂ ಅದೇ ಬೇಕಲ್ಲ. ಹಿಂಗ ಹಂಚಿಕೊಂಡ್ರ ಹಕ್ಕಿಗೂ ಕೋಟಿಗೂ ಜಗಳ ಬರಂಗಿಲ್ಲ.

ಹಾದಿ ಹಿಂಗ ಹಾಕ್ರಿ. ಮೊದಲ ರಾತ್ರಿ ಮ್ಯಾಡ್ರಿಡ್ ವಿಮಾನ ನಿಲ್ದಾಣದ ಹತ್ತಿರ ಮಲಗ್ರಿ. ಮರುದಿನ ಎ-5 ಹಿಡಿದು ಟ್ರುಹಿಯೋ, ಸುಮಾರು 250 ಕಿ.ಮೀ. ಅಲ್ಲಿ 4 ರಾತ್ರಿ. ಆಮ್ಯಾಲ ಮೆರಿದಾ 2, ದೊನ್ಯಾನಾದ ಅಂಚಿನ ಎಲ್ ರೊಸಿಯೊ 2, ಕಾರ್ಡೋಬಾ 2. ಕಾರು ಕಾರ್ಡೋಬಾದಾಗ ಬಿಟ್ಟು ಮ್ಯಾಡ್ರಿಡ್‌ಗೆ ವೇಗದ ರೈಲು ಹತ್ರಿ, ಎರಡು ತಾಸಿನೊಳಗ ಮುಟ್ಟತದ. ಬೇರೆ ಊರಾಗ ಕಾರು ಬಿಟ್ಟಿದ್ದಕ್ಕ ಹೆಚ್ಚಿಗಿ ಶುಲ್ಕ ಇರ್ತದ, ಬುಕ್ ಮಾಡೋವಾಗಲೇ ಕೇಳ್ರಿ. ಟ್ರುಹಿಯೋ ಯಾಕ ನಾಲ್ಕು ರಾತ್ರಿ ಅಂದ್ರ ಉತ್ತರಕ್ಕ ಮೊನ್‌ಫ್ರಾಗ್ವೆ, ಪಶ್ಚಿಮಕ್ಕ ಬಸ್ಟರ್ಡ್ ಬಯಲು, ಕಾಸೆರೆಸ್ ಊರು, ಎಲ್ಲಾ ಒಂದು ತಾಸಿನ ಅಂತರದಾಗ ಅದಾವ. ದಿನಾ ಸೂಟ್‌ಕೇಸ್ ಕಟ್ಟೋದು ಬಿಚ್ಚೋದು ಇರಂಗಿಲ್ಲ.

ಈಗ ಬಸ್ಟರ್ಡ್. ನಮ್ಮ ಎರ್ಲಡ್ಡಿನ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬಂಧು ಇದು, ಗಂಡು ಹತ್ತು ಕಿಲೋ ದಾಟತದ. ಟ್ರುಹಿಯೋದಿಂದ ಸಾಂಟಾ ಮಾರ್ಟಾ ದೆ ಮಗಾಸ್ಕಾ ಹಳ್ಳಿ ಕಡಿ ಹೋಗೋ ರಸ್ತಿ, ಬೆಲೆನ್ ಹಳ್ಳಿ ಸುತ್ತಿನ ಬಯಲು, ಇವೆರಡೇ ಸಾಕು. ಸೂರ್ಯ ಹುಟ್ಟೋ ಮೊದಲು ಅಲ್ಲಿ ಇರ್ರಿ. ಗಂಡು ಬಾಲ ಬೆನ್ನಿನ ಮ್ಯಾಲ ಮಗಚಿ, ರೆಕ್ಕಿ ತಿರುವಿ, ಒಳಗಿನ ಬಿಳಿ ಗರಿ ಪೂರಾ ಹೊರಗ ಹಾಕಿ ಕುಣೀತದ, ಒಂದು ಕಿ.ಮೀ. ದೂರದಿಂದಲೂ ಹಸಿರು ಹೊಲದಾಗ ಬಿಳಿ ಗುಡ್ಡಿಯಂಗ ಕಾಣ್ತದ. ಕುಣಿತದ ಜೋರು ಮಾರ್ಚ್ ಕೊನೆಯಿಂದ ಎಪ್ರಿಲ್. ನೀವು ಹೋಗೋದು ಕೊನೇ ಭಾಗಕ್ಕ, ಹಂಗಾಗಿ ಬಯಲಿನ ಕೆಲಸ ಮೊದಲು ಮುಗಸ್ರಿ, ಮೊನ್‌ಫ್ರಾಗ್ವೆ ಆಮ್ಯಾಲ.

ಕಾರಿನಿಂದ ಇಳೀಬ್ಯಾಡ್ರಿ. ಕಾರು ಕಂಡ್ರ ಬಸ್ಟರ್ಡ್ ನಿಲ್ತದ, ಮನುಷ್ಯ ಕಂಡ್ರ ಅರ್ಧ ಕಿ.ಮೀ.ನಿಂದಲೇ ನಡದುಬಿಡತದ. ಇಂಜಿನ್ ಬಂದ್ ಮಾಡಿ, ಕಿಟಕಿ ಗಾಜು ಅರ್ಧ ಇಳಿಸಿ, ಅದರ ಮ್ಯಾಲ ಹಿಡಿ ಅವಲಕ್ಕಿ ತುಂಬಿದ ಬಟ್ಟಿ ಚೀಲ ಇಟ್ಟು ಸ್ಕೋಪ್ ಊರ್ರಿ. ಹತ್ತು ಗಂಟೆ ಮ್ಯಾಲ ನೆಲ ಕಾದು ಗಾಳಿ ಅಲಗಾಡತದ. ಆಗ 60ಕ್ಕ ತಿರುವಿದ್ರ ನೀರಿನೊಳಗಿನ ಚಿತ್ರದಂಗ ಕಾಣ್ತದ. ಸ್ಕೋಪ್ ಕೆಟ್ಟದ್ದಲ್ಲ, 20-25ಕ್ಕ ಇಳಸ್ರಿ, ಇಲ್ಲಾಂದ್ರ ಬಯಲು ಬಿಟ್ಟು ಊರಿಗೆ ನಡೀರಿ.

ಅದೇ ಬಯಲಿನಾಗ ಕಲಾಂಡ್ರಾ ಲಾರ್ಕ್ (ರೆಕ್ಕಿ ಅಡಿ ಕಪ್ಪು, ಹಿಂದಿನ ಅಂಚು ಬಿಳಿ), ಎರಡು ಥರದ ಸ್ಯಾಂಡ್‌ಗ್ರೌಸ್, ಮಾಂಟೆಗ್ಯೂ ಹ್ಯಾರಿಯರ್ (ಹೊಲದ ಮ್ಯಾಲ ತಗ್ಗಿನಾಗ ಹಾರೋ ಬೇಟಿ ಹಕ್ಕಿ). ಲಿಟಲ್ ಬಸ್ಟರ್ಡ್ ಭಾಳ ಕಡಿಮಿ ಆಗ್ಯದ, ಕಂಡ್ರ ಪುಣ್ಯ. ನೀಲಕಂಠ ಗುರ್ತು ಹಿಡಿಯೋವಾಗ ನಮ್ಮ ಹಕ್ಕಿ ಮನಸಿನ್ಯಾಗ ಇಟ್ಕೋಬ್ಯಾಡ್ರಿ: ನಮ್ಮದಕ್ಕ ಎದಿ ಕಂದು, ಯುರೋಪಿನದಕ್ಕ ತಲಿಯಿಂದ ಹೊಟ್ಟಿತನಕ ತಿಳಿನೀಲಿ. ಕಂಬಕ್ಕ ಕಟ್ಟಿದ ಗೂಡುಪೆಟ್ಟಿಗಿ ಹತ್ತಿರ ನೋಡ್ರಿ.

ಹ್ಯಾರಿಯರ್ ಬಗ್ಗೆ ಒಂದು ಮಾತು. ಚಳಿಗಾಲದಾಗ ನಮ್ಮ ತೊಗರಿ, ಜ್ವಾಳದ ಹೊಲಕ್ಕ ಬರೋ ಮಾಂಟೆಗ್ಯೂಗಳು ಕಝಾಕಸ್ತಾನದ ಹುಲ್ಲುಗಾವಲಿನವು. ಸ್ಪೇನಿನವು ಚಳಿಗಾಲಕ್ಕ ಆಫ್ರಿಕಾದ ಸಾಹೇಲ್‌ಗೆ (ಸಹಾರಾ ಮರುಭೂಮಿಯ ದಕ್ಷಿಣದ ಪಟ್ಟಿ) ಹೋಗ್ತಾವ. ಎರಡೂ ಗುಂಪಿನವು ಗೂಡು ಕಟ್ಟೋದು ನೆಲದ ಮ್ಯಾಲ, ಹುಲ್ಲು ಇಲ್ಲಾ ಬೆಳಿ ನಡುವೆ. ಸ್ಪೇನಿನಾಗ ಗೋಧಿ, ಬಾರ್ಲಿ ಕೊಯ್ಯೋ ಯಂತ್ರಕ್ಕ ಮರಿ ಸಿಗ್ತಾವ ಅಂತ ಅಲ್ಲಿ ಗೂಡಿನ ಸುತ್ತ ಒಂದಿಷ್ಟು ಬೆಳಿ ಬಿಟ್ಟು ಕೊಯ್ಯೋ ಪದ್ಧತಿ ಅದ. ಹೊಲದೊಳಗ ಕಾಲಿಡಬ್ಯಾಡ್ರಿ, ಫೋಟೋಕ್ಕಂತೂ ಬ್ಯಾಡೇ ಬ್ಯಾಡ.

ಮೊನ್‌ಫ್ರಾಗ್ವೆ 2007ರಿಂದ ರಾಷ್ಟ್ರೀಯ ಉದ್ಯಾನ. ಟ್ರುಹಿಯೋದಿಂದ ಪ್ಲಾಸೆನ್ಸಿಯಾ ಕಡಿ ಹೋಗೋ ಇಎಕ್ಸ್-208 ರಸ್ತಿ ಅದರ ನಡುವೇ ಹಾಯತದ. ಅಪ್ಪಗ ಏನೂ ಏರೋದಿಲ್ಲ: ಸಾಲ್ತೊ ದೆಲ್ ಹಿತಾನೊ ಅನ್ನೋ ಜಾಗದಾಗ ರಸ್ತಿ ಬಾಜೂನೇ ಗಾಡಿ ನಿಲ್ಲಿಸಿ ನಿಂತ್ರ, ತಾಹೊ ನದಿ ಆಚೆ ಪೆನ್ಯಾ ಫಾಲ್ಕೊನ್ ಬಂಡೆಗಲ್ಲು ತುಂಬ ಗ್ರಿಫನ್ ರಣಹದ್ದು, ಅದರೊಳಗೇ ಕಪ್ಪು ಕೊಕ್ಕರಿ ಗೂಡು. ಇಲ್ಲಿಗೆ ನಸುಕಿನ್ಯಾಗ ಓಡೋ ಅಗತ್ಯ ಇಲ್ಲ. ರಣಹದ್ದಿಗೆ ಬಿಸಿಗಾಳಿ ಬೇಕು, ಒಂಬತ್ತೂವರಿ ಮ್ಯಾಲ ಏಳ್ತಾವ. ಗ್ರಿಫನ್ ರೆಕ್ಕಿ ಮ್ಯಾಲಕ್ಕ ಎತ್ತಿ ತೇಲತದ, ಎರಡು ಬಣ್ಣ. ಸಿನೇರಿಯಸ್ ರಣಹದ್ದು ಪೂರಾ ಕಪ್ಪು, ರೆಕ್ಕಿ ಹಲಗಿಯಂಗ ಚಪ್ಪಟಿ. ಕಪ್ಪು-ಬಿಳಿ ಮೈ, ಚೂಪು ಬಾಲ ಅಂದ್ರ ಈಜಿಪ್ಶಿಯನ್ ರಣಹದ್ದು. ಅಲ್ಲಿಂದ ಪೊರ್ತಿಯಾ ದೆಲ್ ತಿಯೆತಾರ್‌ಗೆ ಹೋಗಿ ಸಂಜಿತನಕ ಕೂಡ್ರಿ: ಸ್ಪ್ಯಾನಿಷ್ ಇಂಪೀರಿಯಲ್ ಹದ್ದಿಗೆ ಅದು ಪಕ್ಕಾ ಜಾಗ. ಹೆಗಲ ಅಂಚು ಬಿಳಿ ಇದ್ರ ಅದೇ. ಕತ್ತಲಾಗೋ ಹೊತ್ತಿಗೆ ಅಲ್ಲಿನ ಬಂಡೆಗಲ್ಲಿನ ಮ್ಯಾಲ ಹದ್ದುಗೂಬಿನೂ ಸಿಗಬಹುದು. ನೀರು, ಊಟ ಕಟ್ಕೊಂಡು ಹೋಗ್ರಿ, ಉದ್ಯಾನದೊಳಗ ವಿಯಾರಿಯಾಲ್ ದೆ ಸಾನ್ ಕಾರ್ಲೊಸ್ ಹಳ್ಳಿ ಒಂದೇ.

ಟ್ರುಹಿಯೋ ಊರೊಳಗೇ ಲೆಸರ್ ಕೆಸ್ಟ್ರೆಲ್ (ಸಣ್ಣ ಬೇಟಿ ಹಕ್ಕಿ) ಕಾಲನಿ ಅದ, ಗೂಳಿ ಕಾಳಗದ ಅಂಗಳದ ಹೆಂಚಿನ ಮಾಡಿನಾಗ. ಗಂಡಿಗೆ ಬೆನ್ನಿನ ಮ್ಯಾಲ ಚುಕ್ಕಿ ಇರಂಗಿಲ್ಲ, ರೆಕ್ಕಿಯೊಳಗ ಬೂದುನೀಲಿ ಪಟ್ಟಿ ಇರ್ತದ. ಸಾದಾ ಕೆಸ್ಟ್ರೆಲ್‌ಗೆ ಚುಕ್ಕಿ ಇರ್ತಾವ, ಪಟ್ಟಿ ಇಲ್ಲ.

ಕಾರಂಜಾ ದಂಡಿ, ಬೀದರ:

ಹಕ್ಕಿ ವಿಷಯ ಮ್ಯಾಲ ಬಂದಾಯ್ತು, ನಾನು ಕಾಗದಪತ್ರ ಮತ್ತು ಗಾಡಿ ಹೇಳ್ತೀನಿ.

ನಿಮ್ಮ ಭಾರತದ ಲೈಸೆನ್ಸ್ ಜೊತಿಗೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು. ಸಾರಥಿ ಪೋರ್ಟಲ್‌ನಾಗ ನಮೂನೆ 4ಎ, ಶುಲ್ಕ 1,000 ರೂಪಾಯಿ, ಜೊತಿಗೆ ಪಾಸ್‌ಪೋರ್ಟ್, ಟಿಕೆಟ್ ಪ್ರತಿ. ಅವಧಿ ಒಂದು ವರ್ಷ. ಪರ್ಮಿಟ್ ಅರ್ಜಿಗೆ ವೀಸಾ ಮೊದಲೇ ಕೈಯಾಗ ಇರಬೇಕು ಅಂತ ಈಗ ಇಲ್ಲ, ಆದ್ರೂ ವೀಸಾ ಕೊನೇ ಗಳಿಗಿಗೆ ಇಡಬ್ಯಾಡ್ರಿ. ಷೆಂಗೆನ್ (ಯುರೋಪಿನ ಬಹಳ ದೇಶಕ್ಕ ನಡಿಯೋ ಒಂದೇ ವೀಸಾ) ಅರ್ಜಿ ಪ್ರಯಾಣಕ್ಕ 6 ತಿಂಗಳು ಮೊದಲಿಂದ ಹಾಕಬಹುದು, 15 ದಿನಕ್ಕಿಂತ ಕಡಿಮಿ ಉಳಿದ್ರ ತಗೊಳ್ಳಂಗಿಲ್ಲ. ದೊಡ್ಡವರಿಗೆ 90 ಯೂರೋ, ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದು. ಪಟ್ಟಿಯಿಂದ ಲಿಸ್ಬನ್ ತೆಗೆದ್ರ ಅರ್ಜಿನೂ ಸಸಾರ, ಎಲ್ಲಾ ರಾತ್ರಿ ಸ್ಪೇನಿನಾಗೇ.

ಕಾರು ಆಟೋಮ್ಯಾಟಿಕ್ಕೇ ತಗೋರಿ, ಬಾಡಿಗಿ ಹೆಚ್ಚಾದ್ರೂ. ಅಲ್ಲಿ ಸಾದಾ ಬಾಡಿಗಿ ಕಾರು ಅಂದ್ರ ಕೈ ಗೇರಿಂದು, ಗೇರು ಬಲಗೈಗೆ ಬರ್ತದ. ಇಂಡಿಕೇಟರ್ ಕಡ್ಡಿ ಎಡಕ್ಕ, ನಮ್ಮ ಕೈ ರೂಢಿಗೆ ಬಲಗಡಿ ಎಳೆದು ವೈಪರ್ ಚಾಲೂ ಆಗ್ತದ. ಇದರ ಜೊತಿಗೆ ಗೇರಿನ ಚಿಂತಿ ಬ್ಯಾಡ. ನಾಲ್ಕು ಮಂದಿ, ನಾಲ್ಕು ಸೂಟ್‌ಕೇಸ್, ಟ್ರೈಪಾಡ್ ಅಂದ್ರ ಹಿಂದ ಉದ್ದನ ಡಿಕ್ಕಿ ಇರೋ ಎಸ್ಟೇಟ್ ಗಾಡಿ ಬೇಕು. ಡಿಕ್ಕಿ ಮುಚ್ಚಿ ಒಳಗಿನ ಸಾಮಾನು ಕಾಣಬಾರದು. ಕ್ಯಾಮೆರಾ, ಸ್ಕೋಪ್ ಸೀಟಿನ ಮ್ಯಾಲ ಬಿಟ್ಟು ನೋಡೋ ಜಾಗಕ್ಕ ನಡೆದುಹೋದ್ರ ಗಾಜು ಒಡೀತಾರ.

ಮುಖ್ಯ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡ್ ಬೇಕು, ಡೆಬಿಟ್ ಅಲ್ಲ. ಠೇವಣಿ ಅಂತ ದೊಡ್ಡ ಮೊತ್ತ ತಡೀತಾರ, ಮಿತಿ ಮೊದಲೇ ಏರಿಸಿ ಇಡ್ರಿ. ವಿಮೆಯೊಳಗ ನಮ್ಮ ಪಾಲು ಎಷ್ಟು ಅನ್ನೋದನ್ನ ಅವರು ಫ್ರಾಂಕಿಸಿಯಾ ಅಂತಾರ, ಆ ಅಂಕಿ ನೋಡದೇ ಸಹಿ ಬ್ಯಾಡ. ಟೈರು, ಗಾಜು, ಗಾಡಿಯ ಅಡಿಭಾಗ ಬಹಳ ವಿಮೆಯೊಳಗ ಬರಂಗಿಲ್ಲ. ಕಚ್ಚಾ ರಸ್ತಿಗೆ ಇಳಿಸಿದ್ರ ವಿಮೆ ಇಲ್ಲ ಅಂತ ಕರಾರಿನಾಗ ಬರೆದಿರ್ತದ. ಗಾಡಿ ತಗೊಳ್ಳೋವಾಗ ನಾಲ್ಕೂ ಬಾಜೂ, ಚಕ್ರ, ಇಂಧನದ ಮುಳ್ಳು, ಕಿ.ಮೀ. ಓದು ವಿಡಿಯೋ ಮಾಡ್ರಿ, ಬಿಡೋವಾಗ ಮತ್ತೊಮ್ಮೆ.

ವೇಗ: ಹೈವೇ 120, ಒಂಟಿ ರಸ್ತಿ 90, ಊರೊಳಗ 50, ಒಂದೊಂದೇ ಲೇನಿನ ಓಣಿಯೊಳಗ 30. ದಂಡ 20 ದಿನದೊಳಗ ಕಟ್ಟಿದ್ರ ಅರ್ಧ. ಪೊಲೀಸರು ನಿಲ್ಲಿಸಿ ಹಿಡಿದ್ರ ಹೊರದೇಶದವರ ಕಡಿಯಿಂದ ಅಲ್ಲೇ ತಗೋತಾರ. ವೃತ್ತಕ್ಕ ಬಂದಾಗ ಒಳಗಿದ್ದವರಿಗೆ, ಅಂದ್ರ ಎಡಗಡಿಯಿಂದ ಬರೋರಿಗೆ ದಾರಿ. ಸುತ್ತೋದು ಗಡಿಯಾರದ ವಿರುದ್ಧ. ಎ ಅಂತ ಶುರುವಾಗೋ ಹೈವೇಗೆ ಟೋಲ್ ಇಲ್ಲ, ಎಪಿ ಅಂದ್ರ ಟೋಲ್ ಇರಬಹುದು. ನಿಮ್ಮ ಹಾದಿ ಎ-5, ಎ-66, ಎ-49, ಎ-4, ಪೂರಾ ಪುಕ್ಕಟ.

ಬಂಕಿನಾಗ ಗಸೋಲಿಯೊ ಅಂದ್ರ ಡೀಸೆಲ್, ಗಸೋಲಿನಾ ಅಂದ್ರ ಪೆಟ್ರೋಲ್. ನಳಿಕಿ ಮ್ಯಾಲ ದುಂಡು ಗುರ್ತಿನೊಳಗ ಇ5 ಇದ್ರ ಪೆಟ್ರೋಲ್, ಚೌಕದೊಳಗ ಬಿ7 ಇದ್ರ ಡೀಸೆಲ್, ಇಂಧನದ ಮುಚ್ಚಳದ ಒಳಗೂ ಅದೇ ಗುರ್ತು ಇರ್ತದ, ಹೊಂದಿಸಿ ನೋಡ್ರಿ. ನಿಲ್ಲಿಸೋದು: ಬಿಳಿ ಗೆರಿ ಪುಕ್ಕಟ, ನೀಲಿ ರೊಕ್ಕ, ಹಳದಿ ಬ್ಯಾಡ.

ಮುಖ್ಯ ಮಾತು: ಹಕ್ಕಿ ಕಂಡ ಕೂಡಲೇ ಬ್ರೇಕ್ ಹಾಕಬ್ಯಾಡ್ರಿ. ಇಎಕ್ಸ್-208ರಂಥ ರಸ್ತಿಗೆ ಅಂಚು ಕಡಿಮಿ, ಹಿಂದಿನ ಗಾಡಿ 90ರಾಗ ಬರ್ತಿರ್ತದ. ಓಡಿಸೋರು ಓಡಿಸಬೇಕು, ಹಕ್ಕಿ ಹೇಳೋರು ಇನ್ನೊಬ್ಬರು.

ಎರಿಹೊಲ, ಕಲಬುರಗಿ:

ಇಬ್ಬರಿಗೂ ಭಾಳ ಉಪಕಾರ್ರಿ. ಪಟ್ಟಿ ಕತ್ತರಿಸಿದೆ. ಒಂದು ಗಂಟು ಉಳೀತು: ಕಚ್ಚಾ ರಸ್ತಿಗೆ ವಿಮೆ ಇಲ್ಲ ಅಂದ್ರ ಬಸ್ಟರ್ಡ್ ಬಯಲಿಗೆ ಇಳಿಯೋದು ಹೆಂಗ? ಬೇಲಿ ಎಲ್ಲಾ ಖಾಸಗಿ ಇರ್ತಾವ ಅಂತನೂ ಓದೀನಿ.

ಬೋನಾಳ ಕೆರಿ, ಯಾದಗಿರಿ:

ಇಳಿಯೋ ಅಗತ್ಯನೇ ಇಲ್ಲ ಸರ. ಸಾಂಟಾ ಮಾರ್ಟಾ ರಸ್ತಿ ಡಾಂಬರು. ಹೊಲದ ಗೇಟಿನ ಮುಂದ ಗಾಡಿ ಹಿಡಿಸೋವಷ್ಟು ಅಗಲ ಇರ್ತದ. ಗೇಟು ಕಟ್ಟದಂಗ ಒಂದು ಬಾಜೂ ನಿಲ್ಲಿಸ್ರಿ, ರೈತರ ಟ್ರ್ಯಾಕ್ಟರ್ ಬರ್ತಾವ. ಬಯಲು ಏರಿಳಿತದ್ದು, ಒಂದು ದಿಬ್ಬ ದಾಟಿದ್ರ ಹೊಸ ಹೊಲ ಕಾಣ್ತದ. ಪ್ರತಿ ದಿಬ್ಬದ ಮ್ಯಾಲ ಹತ್ತು ನಿಮಿಷ ನಿಂತು ಬೈನಾಕ್ಯುಲರ್‌ನಿಂದ ಎಡದಿಂದ ಬಲಕ್ಕ ನಿಧಾನ ಒರೆಸ್ರಿ. ಕುತ್ತಿಗಿ ಮಾತ್ರ ಬೆಳಿ ಮ್ಯಾಲ ಕಾಣ್ತದ, ಬೂದು ಗೂಟ ಅಂತ ಬಿಟ್ಟು ಮುಂದ ಹೋಗೋರು ಭಾಳ. ಅನುಮಾನ ಬಂದಲ್ಲಿ ಸ್ಕೋಪ್.

ಬೇಲಿಯೊಳಗ ಹೋಗೋದು ತಪ್ಪು, ಒಳಗ ಗೂಳಿನೂ ಇರ್ತಾವ. ನಡೀಬೇಕು ಅನಿಸಿದ್ರ ಕುರಿ ಮಂದಿಯ ಹಳೇ ಸರ್ಕಾರಿ ಹಾದಿಗಳು ಅದಾವ, ಕನ್ಯಾದಾ ಅಂತಾರ. ದೊಡ್ಡವು ಕಾನೂನಿನ ಪ್ರಕಾರ 75 ಮೀಟರ್ ಅಗಲ, ಯಾರು ಬೇಕಾದ್ರೂ ನಡೀಬಹುದು. ಆದ್ರ ಬಸ್ಟರ್ಡ್ ಹೊತ್ತಿನಾಗ ಬ್ಯಾಡ. ಮೊಬೈಲ್‌ನಾಗ ಹಕ್ಕಿ ದನಿ ಹಾಕಿ ಕರೆಯೋದಂತೂ ಎಲ್ಲೂ ಬ್ಯಾಡ, ಗೂಡಿನ ಕಾಲ ಅದು.

ತೊಗರಿ ಕಣ, ಸೇಡಂ:

ಅಣ್ಣಾರಿಗೆ ಊಟದ್ದು ಮತ್ತು ಕಾರ್ಡೋಬಾದ್ದು ಹೇಳ್ತೀನಿ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಅವಲಕ್ಕಿ ಒಯ್ರಿ, ತೊಂದರಿ ಇಲ್ಲ. ತುಪ್ಪ, ಖೋವಾ, ಪೇಢಾ, ಮೊಸರಿನ ಮೆಣಸಿನಕಾಯಿ ಬ್ಯಾಡ: ಯುರೋಪ್ ಒಕ್ಕೂಟದೊಳಗ ಹೊರಗಿನ ಹಾಲಿನ ಪದಾರ್ಥ ಸ್ವಂತಕ್ಕೂ ಬಿಡಂಗಿಲ್ಲ. ಹಸಿ ಕರಿಬೇವು, ಮಾವಿನಹಣ್ಣು ಸಹ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಇಲ್ಲ. ಕರಿಬೇವು ಒಣಗಿಸಿ ಪುಡಿ ಮಾಡಿ ಹಿಂಡಿಯೊಳಗೇ ಕೂಡಿಸ್ರಿ.

ಹೋಟೆಲಿಗಿಂತ ಅಡಿಗಿಮನಿ ಇರೋ ಅಪಾರ್ಟ್‌ಮೆಂಟ್ ಹಿಡೀರಿ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿ ಊಟ ಎಂಟೂವರಿ ಒಂಬತ್ತರ ಮೊದಲು ಕೊಡಂಗಿಲ್ಲ. ಆ ಹೊತ್ತಿಗೆ ನೀವು ಇನ್ನೂ ಬಯಲಿನಾಗ ಇರ್ತೀರಿ, ಅವ್ವಗ ಹಸಿವಿ. "ಮಾಂಸ ಬ್ಯಾಡ" ಅಂದ್ರ ಅವರು ಹಂದಿ ತೊಡಿ ತುಣುಕು, ಟ್ಯೂನಾ ಮೀನು ಹಾಕಿ ಕೊಡಬಹುದು. "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್, ಸಿನ್ ವೆವೊ" ಅಂತ ನಾಲ್ಕೂ ಬರೆದು ತೋರಿಸ್ರಿ. ಕೊನೇದು ಮೊಟ್ಟಿ. ಆಲೂ ಟೋರ್ಟಿಯಾದಾಗ ಮೊಟ್ಟಿ ಇರ್ತದ, ಅವ್ವಗ ನಡಿಯಂಗಿಲ್ಲ. ಸಾಲ್ಮೊರೆಹೊ ಟೊಮೆಟೊದ್ದು, ಆದ್ರ ಮ್ಯಾಲ ಮೊಟ್ಟಿ, ಹಂದಿಮಾಂಸ ಉದುರಸ್ತಾರ. ಗಾಸ್ಪಾಚೊ (ಟೊಮೆಟೊದ ತಣ್ಣನ ಸೂಪ್), ಸೆವಿಯಾ ಕಡಿಯ ಪಾಲಕ್-ಕಡ್ಲಿ ಪಲ್ಯ, ಪಿಸ್ತೊ (ತರಕಾರಿ ಪಲ್ಯ) ಚಲೋ ಅದಾವ. ಪಿಸ್ತೊ ಮ್ಯಾಲಿನ ಮೊಟ್ಟಿ ಬ್ಯಾಡ ಅನ್ರಿ. ಮಿಗಾಸ್ ಅಂದ್ರ ಬ್ರೆಡ್ ಉಪ್ಪಿಟ್ಟಿನಂಗ ಕಾಣ್ತದ, ಒಳಗ ಹಂದಿಮಾಂಸ. ಅಲ್ಲಿನ ಬಹಳ ಚೀಸ್ ಕರುವಿನ ಹೊಟ್ಟಿಯ ರೆನೆಟ್‌ನಿಂದ ಹೆಪ್ಪು ಹಾಕಿದ್ದು. ಕಾಸೆರೆಸ್ ಹತ್ತಿರದ ತೋರ್ತಾ ದೆಲ್ ಕಾಸಾರ್ ಮಾತ್ರ ಕುರಿ ಹಾಲಿಗೆ ಮುಳ್ಳುಗಿಡದ ಹೂವಿನಿಂದ ಹೆಪ್ಪು ಹಾಕಿದ್ದು, ಅವ್ವ ನಿಶ್ಚಿಂತಿಯಿಂದ ತಿನ್ನಬಹುದು.

ಕಾರ್ಡೋಬಾಕ್ಕ ಎರಡು ರಾತ್ರಿ ಇಟ್ಟದ್ದು ಸರಿ. ಮಸೀದಿ ಶುರುವಾದದ್ದು 785ರಾಗ, ಹತ್ತನೇ ಶತಮಾನದ ಕೊನೆತನಕ ಬೆಳೀತಾ ಹೋಯ್ತು. 1236ರ ಮ್ಯಾಲ ಚರ್ಚ್ ಆಯ್ತು, ಹದಿನಾರನೇ ಶತಮಾನದಾಗ ನಟ್ಟನಡುವೆ ಕೆಥೆಡ್ರಲ್ ಎಬ್ಬಿಸಿದರು. ನಮ್ಮದು 1367ರದ್ದು. ಹೋಲಿಕಿ ಎಲ್ಲಿ ಅದ ಅಂತ ಅಪ್ಪಗ ಮೊದಲೇ ಹೇಳ್ರಿ: ಕಂಬ-ಕಮಾನಿನ ಸಾಲು ಕಾಡಿನಂಗ ಒಳಕ್ಕ ಸಾಗೋದು, ಮ್ಯಾಲ ಪೂರಾ ಛಾವಣಿ. ಉಳಿದದ್ದು ಬೇರೆ. ನಮ್ಮಲ್ಲಿ ಅಂಗಳನೇ ಇಲ್ಲ, ಅಲ್ಲಿ ಕಿತ್ತಳಿ ಗಿಡದ ದೊಡ್ಡ ಅಂಗಳ ಅದ. ನಮ್ಮವು ದಪ್ಪ ಚೌಕ ಕಂಬ, ಗಿಡ್ಡ ಅಗಲ ಕಮಾನು, ಮ್ಯಾಲ ಗುಮ್ಮಟ. ಅಲ್ಲಿ 800ಕ್ಕೂ ಹೆಚ್ಚು ಸಪೂರ ಕಂಬ, ಅವುಗಳೊಳಗ ಎಷ್ಟೋ ರೋಮನ್ ಕಟ್ಟಡಗಳಿಂದ ತಂದವು, ಮ್ಯಾಲ ಕೆಂಪು-ಬಿಳಿ ಜೋಡಿ ಕಮಾನು. ಗಿಡ್ಡ ಕಂಬದ ಮ್ಯಾಲ ಎತ್ತರ ಛಾವಣಿ ಬೇಕಾಗಿತ್ತು, ಅದಕ್ಕ ಕಮಾನಿನ ಮ್ಯಾಲ ಕಮಾನು. ಹೊರಡೋ ಮೊದಲು ಒಂದು ಮುಂಜಾನಿ ಅಪ್ಪನ್ನ ನಮ್ಮ ಕೋಟಿಗೆ ಕರ್ಕೊಂಡು ಹೋಗ್ರಿ, ಅಲ್ಲಿ ನಿಂತಾಗ ಕಣ್ಣು ತಾನೇ ಹೋಲಿಸ್ತದ. ನೆಲ ಸಮತಟ್ಟು, ಮೊಣಕಾಲಿಗೆ ತೊಂದರಿ ಇಲ್ಲ.

ಹಳೇ ಊರೊಳಗ ಕಾರು ಒಯ್ಯಬ್ಯಾಡ್ರಿ, ಅಲ್ಲಿನ ನಿವಾಸಿಗಳಿಗಷ್ಟೇ ಪರವಾನಗಿ, ಕ್ಯಾಮೆರಾ ಹಿಡೀತದ. ಮಸೀದಿ ದಾಟಿದ್ರ ರೋಮನ್ ಸೇತುವೆ, ಗಾಡಿ ಇಲ್ಲ. ಅದರ ಕೆಳಗ ನದಿಯೊಳಗಿನ ನಡುಗಡ್ಡಿ ಗಿಡಗಳಿಗೆ ಸಂಜಿ ಮುಂದ ಬೆಳ್ಳಕ್ಕಿ, ಇರುಳು ಬಕ ಬಂದು ಕೂಡತಾವ. ಮೆರಿದಾದಾಗೂ ಹಿಂಗೇ: ಲೊಸ್ ಮಿಲಾಗ್ರೊಸ್ ಅನ್ನೋ ರೋಮನ್ ನೀರಿನ ಕಾಲುವೆಯ ಕಂಬದ ತುದಿಗೆಲ್ಲಾ ಬಿಳಿ ಕೊಕ್ಕರಿ ಗೂಡು. ಅಲ್ಲಿನ ರೋಮನ್ ಕಲೆಯ ಮ್ಯೂಸಿಯಂ ಸೋಮವಾರ ಬಂದ್, ಆ ದಿನ ಮೆರಿದಾ ಇಡಬ್ಯಾಡ್ರಿ.

ಚಿಂಚೋಳಿ ಕಾಡು:

ದೊನ್ಯಾನಾ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲ, ಅದಕ್ಕ ಇದು.

ಒಳಗಿನ ರಕ್ಷಿತ ಭಾಗಕ್ಕ ಸ್ವಂತ ಕಾರು ಬಿಡಂಗಿಲ್ಲ, ಪರವಾನಗಿ ಇರೋ ಮಾರ್ಗದರ್ಶಕರ ನಾಲ್ಕುಚಕ್ರ ಎಳೆತದ ಗಾಡಿಯಾಗೇ ಹೋಗಬೇಕು, ಮೊದಲೇ ಬುಕ್ ಮಾಡ್ರಿ. ಆದ್ರ ಹಕ್ಕಿಗೆ ಅದೊಂದೇ ದಾರಿ ಅಲ್ಲ. ಎಲ್ ರೊಸಿಯೊ ಊರ ಮುಂದಿನ ದಂಡಿ, ಲಾ ರೊಸಿನಾ, ಎಲ್ ಅಸೆಬುಚೆ ಕೇಂದ್ರಗಳ ಮರೆಮನಿ (ಅಡಗಿ ಕುಂತು ಹಕ್ಕಿ ನೋಡೋ ಗುಡಿಸಲು), ಇವಕ್ಕ ರೊಕ್ಕ ಇಲ್ಲ, ಏರೋದೂ ಇಲ್ಲ. ಊರ ಓಣಿ ಪೂರಾ ಉಸುಕು. ಗಾಡಿ ಓಡಿದ ಜಾಡಿನ ಮ್ಯಾಲೇ ಇರ್ರಿ, ಸಡಿಲ ಉಸುಕಿನಾಗ ನಿಲ್ಲಿಸಿದ್ರ ಚಕ್ರ ಹೂತು ಅಲ್ಲೇ ಕುಂದರತದ.

ಎಲ್ಲಾ ನೀರಿನ ಮ್ಯಾಲ ಅದ. ಹಿಂದಿನ ಚಳಿಗಾಲದ ಮಳಿ ಚಲೋ ಆಗಿದ್ರ ದಂಡಿ ಮುಂದೇ ರಾಜಹಂಸ, ಚಮಚಕೊಕ್ಕು, ಗ್ಲಾಸಿ ಐಬಿಸ್. ಮಳಿ ಕೈಕೊಟ್ಟಿದ್ರ ಮೇ ಹೊತ್ತಿಗೆ ಬಿರುಕು ನೆಲ. ಇತ್ತೀಚಿನ ಬರದ ವರ್ಷಗಳೊಳಗ ಹಂಗ ಆಗ್ಯದ, ಸುತ್ತಿನ ಸ್ಟ್ರಾಬೆರಿ ತೋಟಗಳು ಬೋರ್ ಹೊಡೆದು ನೀರು ಎಳೆಯೋದೂ ಅದಕ್ಕ ಕೂಡಿದ ಕಾರಣ. ಹೊರಡೋ ಮುಂಚಿನ ವಾರ ಇ-ಬರ್ಡ್ (ಹಕ್ಕಿ ಕಂಡವರು ಬರೆದಿಡೋ ಜಾಲತಾಣ) ಪಟ್ಟಿ ನೋಡ್ರಿ. ಒಣಗಿದ್ರ ವೆಲ್ವಾ ಊರ ಬಾಜೂಕಿನ ಓದಿಯೆಲ್ ಜವಳು, ಉಪ್ಪಿನ ಗದ್ದಿಗೆ ಹೋಗ್ರಿ. ಅಲ್ಲಿ ಸಮುದ್ರದ ಭರತ ಇಳಿತ ಇರೋದರಿಂದ ನೀರು ತಪ್ಪಂಗಿಲ್ಲ. ಇಲ್ಲಾಂದ್ರ ಇಸ್ಲಾ ಮಯೋರ್ ಕಡಿಯ ಭತ್ತದ ಗದ್ದಿ, ದೆಹೆಸಾ ದೆ ಅಬಾಹೊ ಕೆರಿ. ನಕ್ಷೆಯೊಳಗ ನದಿ ಆಚೆ ಬೊನಾನ್ಸಾ ಉಪ್ಪಿನ ಗದ್ದಿ ಹತ್ತಿರ ಕಾಣ್ತದ, ಮೋಸ ಹೋಗಬ್ಯಾಡ್ರಿ: ಸೆವಿಯಾದಿಂದ ಕೆಳಗ ಗ್ವಾದಲ್ಕಿವಿರ್ ನದಿಗೆ ಸೇತುವೆ ಇಲ್ಲ, ಪೂರಾ ಸುತ್ತು ಹಾಕಿ ಬರಬೇಕು.

ತಾರೀಖು ಹಾಕೋ ಮುಂಚೆ ಆ ವರ್ಷದ ಈಸ್ಟರ್ ನೋಡ್ರಿ. ಅದರ ಹಿಂದಿನ ವಾರ ಇಡೀ ಪ್ರಾಂತದಾಗ ಕೋಣಿ ಸಿಗಂಗಿಲ್ಲ, ಈಸ್ಟರ್ ಆಗಿ ಎರಡು ವಾರದ ಸುಮಾರಿಗೆ ಸೆವಿಯಾ ಜಾತ್ರಿ. ಐವತ್ತನೇ ದಿನದ ಹಬ್ಬಕ್ಕ ಎಲ್ ರೊಸಿಯೊಗೆ ಲಕ್ಷಗಟ್ಟಲೆ ಮಂದಿ ಕುದುರಿ, ಬಂಡಿ ಕಟ್ಕೊಂಡು ಬರ್ತಾರ. ಆ ವಾರ ನಿಮ್ಮ ತಾರೀಖಿನಾಗ ಬಂದ್ರ ಎಲ್ ರೊಸಿಯೊದ ಎರಡು ರಾತ್ರಿ ವೆಲ್ವಾಕ್ಕ ಬದಲಿಸ್ರಿ.